ಹುಬ್ಬಳ್ಳಿಯ ‘ಸೆಟ್ಲಮೆಂಟ್’, ಪುಣೆಯ ಯರವಡಾ: ಹುಟ್ಟಿನಿಂದಲೇ ಕಳ್ಳರಾದವರ ಕತೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕಂಪನಿ ಬಸ್ಸಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತನ್ನ ಬರಹದ ರೂಪದಲ್ಲಿ ಇಲ್ಲಿ ಹಾಕ್ತಿದೀನಿ. ಮಾತಿನ ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನೂ ಸೇರಿಸಿದೀನಿ.

ಶುರು ಮಾಡೋದು ನನ್ನದೇ ಒಂದು ಅನುಭವದಿಂದ. ಕೆಲವು ವರ್ಷಗಳ ಹಿಂದೆ, ಪುಣೆಯ ಖರಾಡಿಯಲ್ಲಿ ನಾನಿದ್ದ ಸೊಸೈಟಿಯ ಒಂದು ಫ್ಲ್ಯಾಟಿನಿಂದ ಚಿನ್ನದ ಬಳೆ ಕಳುವಾಯ್ತು. ಪಕ್ಕದಲ್ಲಿ ಇನ್ನೊಂದು ಟವರ್ ಏಳ್ತಿತ್ತು. ಅಲ್ಲಿ ಇಟ್ಟಿಗೆ, ಮಣ್ಣು ಹೊರೋಕೆ ಬಂದ ಸಂಸಾರಗಳು ತಗಡಿನ ಶೆಡ್ಡುಗಳಲ್ಲಿದ್ದವು. ಅವರಲ್ಲಿ ಒಬ್ಬ ಹೆಂಗಸು ನಮ್ಮ ಕಟ್ಟಡದ ನಲ್ಲಿಯಿಂದ ನೀರು ತಗೊಂಡು ಹೋಗ್ತಿದ್ಲು. ಪೊಲೀಸರು ಬಂದರು, ಅವಳನ್ನ ಕರೆಸಿದರು. ಅವಳಿಗೆ ಮರಾಠಿ ಅಷ್ಟಕ್ಕಷ್ಟೇ. ವಾಚ್‌ಮನ್‌ಗೆ ನಾನು ‘ಕಾನಡಿ’ ಅಂತ ಗೊತ್ತಿತ್ತು, ಹಾಗಾಗಿ ನನ್ನ ಬಾಗಿಲು ಬಡಿದ.

ಕೆಳಗೆ ಹೋಗಿ ನಿಂತೆ. ಬಳೆ ನೋಡಿದೀಯಾ, ಆ ದಿನ ಎಲ್ಲಿದ್ದೆ, ಇಂಥದ್ದೇನಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ. ಮೊದಲು ಬಂದ ಪ್ರಶ್ನೆ, ಊರು ಯಾವುದು. ವಿಜಾಪುರದ ಕಡೆ ಅಂದಳು. ಎರಡನೇ ಪ್ರಶ್ನೆ, ಯಾವ ಸಮಾಜ. ನಾನು ಕನ್ನಡದಲ್ಲಿ ಕೇಳಿದೆ. ಅವಳು ಪೊಲೀಸಿನವನ ಕಡೆ ನೋಡದೆ, ನನಗಷ್ಟೇ ಕೇಳೋ ಹಾಗೆ ಹೇಳಿದಳು: “ಅಣ್ಣಾರ, ನಮ್ಮ ಜಾತಿ ಹೇಳಬ್ಯಾಡ್ರಿ. ವಡ್ಡರು ಅಂತ ಹೇಳಿಬಿಡ್ರಿ.”

ನಾನು ವಡಾರ್ ಅಂತಲೇ ಹೇಳಿದೆ. ಇನ್ನೂ ಏನೇನೋ ಕೇಳಿ, ಬೆಳಗ್ಗೆ ಠಾಣೆಗೆ ಬಾ ಅಂತ ಹೇಳಿ ಹೋದರು. ಬೆಳಗ್ಗೆ ನೋಡಿದರೆ ಆ ಶೆಡ್ ಖಾಲಿ. “ನೋಡಿದ್ರಾ, ನಾ ಹೇಳಿರಲಿಲ್ವಾ” ಅಂತ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ಜನ ಬರೆದರು. ಬಳೆ ಆಮೇಲೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ವಿಷಯ ಒಂದು ಪಾರ್ಕಿಂಗ್ ಜಗಳದ ಕೆಳಗೆ ಹೂತುಹೋಯ್ತು.

ಓಡಿಹೋಗಿದ್ದು ತಪ್ಪಿಗೆ ಸಾಕ್ಷಿ ಅಂತ ಆಗ ನನಗೂ ಒಂದು ಕ್ಷಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಕಳುವಾಗಿದ್ದು ಬಳೆ. ಕೇಳಿದ್ದು ಜಾತಿ ಯಾಕೆ? ಅವಳಿಗೆ ಬಳೆಯ ಪ್ರಶ್ನೆಗಿಂತ ಜಾತಿಯ ಪ್ರಶ್ನೆಗೇ ಹೆದರಿಕೆ ಯಾಕೆ? ಇದಕ್ಕೆ ಉತ್ತರ ಹುಡುಕ್ತಾ ಹೋದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗತ್ತೆ.

ಖರಾಡಿಯಿಂದ ಪುಣೆ ಸ್ಟೇಷನ್ ಕಡೆ ಹೋಗೋರು ಯರವಡಾ ದಾಟಿಯೇ ಹೋಗ್ತೀರಿ. ಅಲ್ಲಿನ ಸೆಂಟ್ರಲ್ ಜೈಲು ಕಟ್ಟಿದ್ದು 1871ರಲ್ಲಿ. ಗಾಂಧೀಜಿ ಇದ್ದ ಜೈಲು, 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದ ಆದ ಜೈಲು. 2021ರ ಜನವರಿ 26ರಿಂದ ಅಲ್ಲಿ ‘ಜೈಲ್ ಟೂರಿಸಂ’ ಅಂತ ಕೂಡ ಶುರುವಾಯ್ತು. ಅದೇ 1871ರ ಅಕ್ಟೋಬರ್‌ನಲ್ಲಿ ಇನ್ನೊಂದು ಜೈಲನ್ನೂ ಕಟ್ಟಿದರು, ಅದಕ್ಕೆ ಗೋಡೆ ಇರಲಿಲ್ಲ. ಅದರ ಹೆಸರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದ್ರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ.

ಸಾಮಾನ್ಯ ಕ್ರಿಮಿನಲ್ ಕಾನೂನು ಹೇಗೆ ಕೆಲಸ ಮಾಡತ್ತೆ ನೋಡಿ. ಮೊದಲು ಕೃತ್ಯ, ಆಮೇಲೆ ಆರೋಪ, ಆಮೇಲೆ ಸಾಕ್ಷಿ, ಕೊನೆಗೆ ಶಿಕ್ಷೆ. ಈ ಕಾಯ್ದೆ ಅದನ್ನ ತಲೆಕೆಳಗು ಮಾಡಿತು. ಒಂದು ಇಡೀ ಸಮುದಾಯವನ್ನ ‘ಅಪರಾಧಿ’ ಅಂತ ಸರ್ಕಾರ ಘೋಷಿಸಬಹುದು, ಆ ಘೋಷಣೆಯನ್ನ ಕೋರ್ಟಿನಲ್ಲಿ ಪ್ರಶ್ನೆ ಮಾಡೋ ಹಾಗಿಲ್ಲ. ಹೆಸರು ರಿಜಿಸ್ಟರಿನಲ್ಲಿ ಬಿದ್ದ ಮೇಲೆ ಊರು ಬಿಟ್ಟು ಹೋಗೋಕೆ ಪಾಸ್ ಬೇಕು. ಹಾಜರಿ ಕೊಡಬೇಕು. ಪಾಸಿಲ್ಲದೆ ಸಿಕ್ಕಿಬಿದ್ದರೆ ಅದೇ ಒಂದು ಅಪರಾಧ. ಅಂದ್ರೆ ಏನೂ ಕದಿಯದೆ ಪಕ್ಕದೂರಿನ ಸಂತೆಗೆ ಹೋದವನೂ ಕಾನೂನಿನ ಲೆಕ್ಕದಲ್ಲಿ ಅಪರಾಧಿ ಆಗಿಬಿಡ್ತಾನೆ.

ಇದರ ಹಿಂದಿದ್ದ ವಾದ ಬಹಳ ಸರಳ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಈ ದೇಶದಲ್ಲಿ ಎಲ್ಲವೂ ಜಾತಿಯ ಕಸುಬು. ಹಾಗಾದ್ರೆ ಕಳ್ಳತನವೂ ಯಾವುದೋ ಜಾತಿಯ ಕಸುಬೇ ಆಗಿರಬೇಕು, ಅಂತ. ನಮ್ಮದೇ ಜಾತಿಯ ತರ್ಕವನ್ನ ಎತ್ತಿಕೊಂಡು ಬ್ರಿಟಿಷರು ಕಾನೂನು ಮಾಡಿದರು, ಮೇಲಿನ ಜಾತಿಯವರಿಗೆ ಅದರಲ್ಲಿ ತಕರಾರು ಕಾಣಲಿಲ್ಲ. ಯುರೋಪಿನಲ್ಲಿ ಇಟಲಿಯ ಲೊಂಬ್ರೋಸೋ ಅನ್ನೋ ಡಾಕ್ಟರು ‘ಹುಟ್ಟು ಅಪರಾಧಿ’ಯ ಸಿದ್ಧಾಂತದ ಪುಸ್ತಕ ಬರೆದಿದ್ದು 1876ರಲ್ಲಿ. ತಲೆಬುರುಡೆ, ದವಡೆ ಅಳೆದು ಅಪರಾಧಿಯನ್ನ ಗುರುತಿಸಬಹುದು ಅಂತ ಅವನ ವಾದ. ಅವನಿಗಿಂತ ಐದು ವರ್ಷ ಮೊದಲೇ ನಮ್ಮಲ್ಲಿ ಅಳತೆಯೂ ಇಲ್ಲದೆ ಕಾನೂನೇ ಆಗಿಹೋಗಿತ್ತು.

ಶುರುವಿನಲ್ಲಿ ಇದು ಉತ್ತರ ಭಾರತಕ್ಕೆ ಮಾತ್ರ. 1911ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಮುಂಬೈ, ಮದ್ರಾಸ್ ಪ್ರಾಂತ್ಯಗಳಿಗೂ ಬಂತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲವೂ ಮುಂಬೈ ಪ್ರಾಂತ್ಯದಲ್ಲಿ. ಮಳೆಗಾಲದಲ್ಲಿ ಆ ಸರ್ಕಾರ ಕೂರ್ತಿದ್ದದ್ದೇ ಪುಣೆಯಲ್ಲಿ. ಅಂದ್ರೆ ಇವತ್ತು ನಾವು ಸಂಬಳಕ್ಕೆ ಬಂದಿರೋ ಊರಿನಿಂದಲೇ ನಮ್ಮ ಊರುಗಳಿಗೆ ಹುಕುಂ ಹೋಗ್ತಿತ್ತು.

ಕಾಯ್ದೆ ಬರೋ ಮೊದಲೇ ಪಟ್ಟಿ ತಯಾರಾಗಿತ್ತು. 1908ರಲ್ಲಿ ಮುಂಬೈ ಪ್ರಾಂತ್ಯದ ಪೊಲೀಸ್ ಅಧಿಕಾರಿ ಮೈಕಲ್ ಕೆನಡಿ ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಬಗ್ಗೆ ಟಿಪ್ಪಣಿಗಳ ಒಂದು ದಪ್ಪ ಪುಸ್ತಕ ಹೊರತಂದ. ಜಾತಿಗೊಂದು ಅಧ್ಯಾಯ. ಅವರು ಎಲ್ಲಿರ್ತಾರೆ, ಹೇಗೆ ಕಾಣ್ತಾರೆ, ಯಾವ ಭಾಷೆ ಆಡ್ತಾರೆ, ಯಾವ ರೀತಿ ಕದೀತಾರೆ. ಪಕ್ಷಿ ಗುರುತಿಸೋ ಪುಸ್ತಕ ಇರತ್ತಲ್ಲ, ಅದೇ ಕ್ರಮ. ಬೇಡರು, ವಡ್ಡರು, ಲಂಬಾಣಿಗರು, ಹರಣಶಿಕಾರಿಗಳು, ಕೈಕಾಡಿಗಳು, ಗಂಟಿಚೋರರು, ಛಪ್ಪರಬಂದರು, ಹೀಗೆ ಅದರಲ್ಲಿ ಕನ್ನಡ ನೆಲದ ಹೆಸರುಗಳು ಸಾಲುಸಾಲಾಗಿ ಬರ್ತವೆ. ಅವಳು ಆಸರೆಗೆ ಅಂತ ಆರಿಸಿಕೊಂಡ ‘ವಡ್ಡರು’ ಅನ್ನೋ ಹೆಸರೂ ಆ ಪುಸ್ತಕದೊಳಗೇ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ.

ಇವರೆಲ್ಲ ಯಾರು? ಲಂಬಾಣಿಗರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನಿನ ಉದ್ದಗಲಕ್ಕೂ ಸಾಗಿಸ್ತಿದ್ದವರು. ದಂಡುಗಳಿಗೆ ರೇಶನ್ ಮುಟ್ಟಿಸ್ತಿದ್ದವರು. ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಬ್ರಿಟಿಷರಿಗೂ ಇವರೇ ಬೇಕಾಗಿತ್ತು. ಕೊರಚ, ಕೊರಮ, ಕೈಕಾಡಿಗಳು ಉಪ್ಪು ಮಾರ್ತಿದ್ದರು, ಬುಟ್ಟಿ ಹೆಣೀತಿದ್ದರು. ಛಪ್ಪರಬಂದರು ಹೆಸರೇ ಹೇಳೋ ಹಾಗೆ ಮೊಗಲರ ದಂಡಿಗೆ ಚಪ್ಪರ ಹಾಕ್ತಿದ್ದವರು, ದಂಡು ಹೋದ ಮೇಲೆ ಬಿಜಾಪುರದ ಕಡೆ ಉಳಿದವರು. ಹರಣಶಿಕಾರಿಗಳು ಕಾಡಿನಲ್ಲಿ ಬೇಟೆಯಾಡ್ತಿದ್ದವರು. ರೈಲು ಬಂತು, ಎತ್ತಿನ ಸಾಗಾಟ ಸತ್ತಿತು. ಉಪ್ಪಿನ ಮೇಲೆ ಸರ್ಕಾರ ಕೈ ಇಟ್ಟಿತು. 1871ರಲ್ಲೇ ದನ ಅಡ್ಡಾಡೋದಕ್ಕೆ ದಂಡ ಹಾಕೋ ಕಾಯ್ದೆ, 1878ರಲ್ಲಿ ಅರಣ್ಯ ಕಾಯ್ದೆ. ಒಂದೇ ತಲೆಮಾರಿನಲ್ಲಿ ತಿರುಗಾಡೋರ ಕಸುಬುಗಳೆಲ್ಲ ಒಂದೋ ನಷ್ಟ, ಇಲ್ಲಾಂದ್ರೆ ಅಪರಾಧ.

ಬೇಡರ ವಿಷಯ ಇನ್ನೂ ಬೇರೆ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯಲ್ಲಿ ಆಯುಧ ಒಪ್ಪಿಸಿ ಅಂದಾಗ ಒಪ್ಪದೆ ಬಂಡೆದ್ದವರು ಇವರೇ. ಊರನ್ನೇ ಸುಟ್ಟರು, ಹಿಡಿದವರನ್ನ ಗಲ್ಲಿಗೇರಿಸಿದರು. ಆ ಲಾವಣಿಯನ್ನ ಸಂಗ್ರಹಿಸಿದ್ದೂ ಫ್ಲೀಟ್ ಅನ್ನೋ ಒಬ್ಬ ಬ್ರಿಟಿಷ್ ಅಧಿಕಾರಿಯೇ ಅನ್ನೋದು ವಿಚಿತ್ರ. ಪುಣೆ ಸೀಮೆಯ ರಾಮೋಶಿಗಳ ಕತೆಯೂ ಹೀಗೇ. ಅವರ ಉಮಾಜಿ ನಾಯಕನನ್ನ 1830ರ ದಶಕದಲ್ಲಿ ಪುಣೆಯಲ್ಲೇ ಗಲ್ಲಿಗೇರಿಸಿದರು. ಇವತ್ತು ನಾವು ವೀರರು ಅಂತ ಪ್ರತಿಮೆ ನಿಲ್ಲಿಸೋ ಸಮುದಾಯಗಳು ಅವತ್ತಿನ ಪೊಲೀಸ್ ಪುಸ್ತಕದಲ್ಲಿ ದರೋಡೆಕೋರರು.

ಕದಿಯೋರು ಯಾರೂ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕತೆ ‘ಉಚಲ್ಯಾ’ ಇದೆಯಲ್ಲ, 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು, ಅದರಲ್ಲಿ ಜೇಬು ಕತ್ತರಿಸೋದನ್ನ ಮಕ್ಕಳಿಗೆ ಹೇಗೆ ಕಲಿಸ್ತಿದ್ದರು ಅಂತ ಅವರೇ ಮುಚ್ಚುಮರೆ ಇಲ್ಲದೆ ಬರೆದಿದಾರೆ. ಗಾಯಕವಾಡರು ಲಾತೂರ್ ಜಿಲ್ಲೆಯವರು, ನಮ್ಮ ಬೀದರಿನ ಪಕ್ಕ. ಆದರೆ ಆ ಪುಸ್ತಕ ಓದಿದರೆ ಇನ್ನೊಂದೂ ಕಾಣತ್ತೆ. ಬೇರೆ ಕೆಲಸ ಕೇಳಿದರೆ ಕೊಡೋರಿಲ್ಲ, ಮಗ ಶಾಲೆಗೆ ಹೋದರೆ ನಗೋರು, ಕದ್ದರೂ ಕದಿಯದಿದ್ದರೂ ಪೊಲೀಸ್ ಬರೋದು ತಪ್ಪಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1963ರಲ್ಲಿ ಬರೆದ ‘ಔಟ್‌ಸೈಡರ್ಸ್’ ಪುಸ್ತಕ ಕ್ರಿಮಿನಾಲಜಿ ಓದೋರಿಗೆಲ್ಲ ಪಾಠ. ಅವನು ಹೇಳಿದ್ದು ಇಷ್ಟು: ಅಪರಾಧ ಅನ್ನೋದು ಕೃತ್ಯದೊಳಗೆ ಇರೋ ಗುಣ ಅಲ್ಲ, ನೋಡೋರು ಅಂಟಿಸೋ ಚೀಟಿ. ಚೀಟಿ ಒಂದ್ಸಲ ಅಂಟಿದರೆ ಆಮೇಲೆ ಆ ಮನುಷ್ಯ ಏನು ಮಾಡಿದರೂ ಚೀಟಿಯ ಮೂಲಕವೇ ಕಾಣ್ತಾನೆ. ಬೇರೆ ದಾರಿಗಳು ಮುಚ್ಚಿಕೊಳ್ತವೆ. ಕೊನೆಗೆ ಚೀಟಿಯಲ್ಲಿ ಬರೆದಿರೋ ಹಾಗೆಯೇ ಬದುಕೋ ಗತಿ ಬರತ್ತೆ. ಇದನ್ನ ‘ಲೇಬಲಿಂಗ್’ ಅಂತ ಕರೀತಾರೆ. ಶಿಕಾಗೋದ ಜ್ಯಾಜ್ ವಾದಕರನ್ನ, ಗಾಂಜಾ ಸೇದೋರನ್ನ ನೋಡಿ ಬೆಕರ್ ಇದನ್ನ ಬರೆದ. ನಮ್ಮ ಕಡೆ ಬಂದಿದ್ದರೆ ಅವನಿಗೆ ಅಷ್ಟು ಕಷ್ಟಪಡೋ ಅಗತ್ಯವೇ ಇರಲಿಲ್ಲ. ‘ಗಂಟಿಚೋರ್’ ಅನ್ನೋದನ್ನೇ ನೋಡಿ. ಗಂಟು ಕದಿಯೋರು ಅಂತ ಅರ್ಥ. ಇವತ್ತಿಗೂ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದೇ ಹೆಸರಿದೆ. ಆ ಸಮುದಾಯದ ಹುಡುಗ ಎಂಜಿನಿಯರಿಂಗ್ ಸೀಟಿಗೆ ಹೋದರೂ ತಹಶೀಲ್ದಾರರ ಸಹಿ ಇರೋ ಕಾಗದದ ಮೇಲೆ ‘ಚೋರ್’ ಅಂತ ಬರೆಸಿಕೊಂಡು ಹೋಗಬೇಕು. ಸರ್ಕಾರ ಸಹಾಯ ಮಾಡೋಕೂ ಅದೇ ಬೈಗುಳದಿಂದಲೇ ಕರೆಯತ್ತೆ.

ಈಗ ನನ್ನ ಊರಿಗೆ ಬರೋಣ. ನಾನು ಹುಬ್ಬಳ್ಳಿಯವ. ಹುಬ್ಬಳ್ಳಿಯ ಗಂಗಾಧರ ನಗರಕ್ಕೆ ಜನ ಇವತ್ತಿಗೂ ಕರೆಯೋದು ‘ಸೆಟ್ಲಮೆಂಟ್’ ಅಂತ. ಗದಗ-ಬೆಟಗೇರಿಯಲ್ಲೂ ಒಂದು ಸೆಟ್ಲಮೆಂಟ್ ಇದೆ, ಸೊಲ್ಲಾಪುರದಲ್ಲೂ ಇದೆ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ “ಆ ಕಡೆ ಹೋಗಬ್ಯಾಡ್ರಿ” ಅಂತಿದ್ದರು, ಅಷ್ಟೇ ಗೊತ್ತಿದ್ದದ್ದು. ಅದು ಇಂಗ್ಲಿಷ್ ಶಬ್ದ, ಯಾವುದೋ ಕಾನೂನಿನ ಶಬ್ದ ಅಂತ ನನಗೆ ಹೊಳೆದದ್ದು ಪುಣೆಗೆ ಬಂದ ಮೇಲೆ.

1911ರ ಕಾಯ್ದೆಯ ಪ್ರಕಾರ ‘ಅಪರಾಧಿ ಬುಡಕಟ್ಟಿ’ನವರನ್ನ ತಂದು ಒಂದು ಕಡೆ ಕೂಡಿಹಾಕಬಹುದಿತ್ತು, ಅದಕ್ಕೆ ಸೆಟ್ಲಮೆಂಟ್ ಅಂತ ಹೆಸರು. ಮುಂಬೈ ಪ್ರಾಂತ್ಯದಲ್ಲಿ ಇದರ ಉಸ್ತುವಾರಿ ನೋಡಿದವನು ಓ.ಎಚ್.ಬಿ. ಸ್ಟಾರ್ಟ್ ಅನ್ನೋ ಐಸಿಎಸ್ ಅಧಿಕಾರಿ. ಅವನ ಪ್ರಯೋಗ ಶುರುವಾಗಿದ್ದು ಬಿಜಾಪುರದಲ್ಲಿ, ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ, ಬಾರಾಮತಿ ಹೀಗೆ ಹಬ್ಬಿತು. ಊರುಗಳ ಹೆಸರು ಗಮನಿಸಿ. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ, ರೈಲ್ವೆ ವರ್ಕ್‌ಶಾಪ್. ಗದಗಿನಲ್ಲಿ ಹತ್ತಿ. ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಗಳು. ಗಿರಣಿಗೆ ಕೂಲಿ ಬೇಕು, ಬಿಟ್ಟು ಓಡದ ಕೂಲಿ ಆದರೆ ಇನ್ನೂ ಒಳ್ಳೇದು. ತಂತಿ ಬೇಲಿಯೊಳಗಿನ ಜನಕ್ಕೆ ಓಡಿದರೆ ಜೈಲು. ಕೆಲಸ ಬಿಡೋದೇ ಅಪರಾಧ ಆಗೋ ನೌಕರಿಯನ್ನ ಕಲ್ಪನೆ ಮಾಡ್ಕೊಳ್ಳಿ, ನಮ್ಮ ನೋಟಿಸ್ ಪಿರಿಯಡ್ ಜಗಳ ಅದರ ಮುಂದೆ ತಮಾಷೆ.

ಸ್ಟಾರ್ಟ್ ಕೆಟ್ಟವನಾಗಿರಲಿಲ್ಲ. ಅಲ್ಲೇ ವಿಷಯ ಕಷ್ಟವಾಗೋದು. ಸೆಟ್ಲಮೆಂಟುಗಳಲ್ಲಿ ಶಾಲೆ ಇತ್ತು, ಸಹಕಾರ ಸಂಘ ಇತ್ತು, ಕಸುಬು ಕಲಿಸ್ತಿದ್ದರು, ಕೆಲವು ಕಡೆ ಮಿಷನರಿಗಳು ನಡೆಸ್ತಿದ್ದರು. ಮೊದಲ ತಲೆಮಾರಿನ ಅಕ್ಷರ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಬಂತು. ಜೊತೆಗೇ ಮಕ್ಕಳನ್ನ ತಂದೆತಾಯಿಯಿಂದ ಬೇರೆ ಮಾಡಿ ಇಡೋ ಅಧಿಕಾರವೂ ಕಾಯ್ದೆಯಲ್ಲಿತ್ತು, ಆರು ವರ್ಷ ದಾಟಿದ ಮಕ್ಕಳನ್ನ. ಹತ್ತಿರ ಇದ್ದರೆ ಕಳ್ಳತನ ಕಲೀತಾರೆ ಅಂತ. 1924ರ ಕಾಯ್ದೆಯಲ್ಲಿ, ಪಟ್ಟಿಯಲ್ಲಿರೋರಿಗೆ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ. ಅದೇ ಕಳ್ಳತನ ಪಟ್ಟಿಯಲ್ಲಿ ಇಲ್ಲದವನು ಮಾಡಿದರೆ ಈ ಲೆಕ್ಕ ಇಲ್ಲ.

1928ರಲ್ಲಿ ಇದೇ ಸ್ಟಾರ್ಟ್‌ನ ಅಧ್ಯಕ್ಷತೆಯಲ್ಲಿ ಮುಂಬೈ ಸರ್ಕಾರ ದಲಿತರು, ಆದಿವಾಸಿಗಳ ಸ್ಥಿತಿ ನೋಡೋಕೆ ಒಂದು ಸಮಿತಿ ಮಾಡಿತು. ಡಾ. ಅಂಬೇಡ್ಕರ್ ಅದರ ಸದಸ್ಯರು. 1930ರಲ್ಲಿ ವರದಿ ಬಂತು, ಅದರ ಬೆನ್ನಿಗೆ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು. ಸೆಟ್ಲಮೆಂಟ್ ನೋಡ್ಕೋತಿದ್ದ ಕಚೇರಿಯೇ ಆ ಇಲಾಖೆಯಾಯ್ತು. ಕಾವಲು ಮತ್ತು ಕಲ್ಯಾಣ ಒಂದೇ ಮೇಜಿನ ಮೇಲೆ. ಇವತ್ತಿಗೂ ಬಡವರಿಗೆ ಕೊಡೋ ಯೋಜನೆಗಳಲ್ಲಿ ಬೆರಳಚ್ಚು, ಹಾಜರಿ, ಅನುಮಾನ ಯಾಕೆ ಇಷ್ಟು ಅಂತ ಯೋಚಿಸುವಾಗ ನನಗೆ ಈ ಮೇಜು ನೆನಪಾಗತ್ತೆ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರಬಹುದು.

ಸ್ವಾತಂತ್ರ್ಯ ಬಂತು. ಅನಂತಶಯನಂ ಅಯ್ಯಂಗಾರ್ ಸಮಿತಿ ಕಾಯ್ದೆ ತೆಗೀಬೇಕು ಅಂತು. 1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯ್ದೆ ರದ್ದಾಯ್ತು. ಈ ಸಮುದಾಯಗಳಿಗೆ ‘ವಿಮುಕ್ತ’ ಅಂತ ಹೆಸರು ಬಂತು. ಆಗಸ್ಟ್ 15ಕ್ಕಿಂತ ಐದು ವರ್ಷ ತಡವಾಗಿ ಬಂದ ಅವರ ಸ್ವಾತಂತ್ರ್ಯ ದಿನ ಅದು. ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ 14 ಹೆಸರುಗಳಿವೆ, ಬೇರಡ್, ಕೈಕಾಡಿ, ಕಟಾಬು, ಛಪ್ಪರಬಂದ್, ವಡಾರ್ ಎಲ್ಲ ಅದರಲ್ಲಿವೆ. ಆದರೆ ಒಂದು ಕೈಯಲ್ಲಿ ಬಿಟ್ಟಿದ್ದನ್ನ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳನ್ನ ತಂದವು, ಮುಂಬೈ ರಾಜ್ಯ 1959ರಲ್ಲಿ, ಕರ್ನಾಟಕ 1961ರಲ್ಲಿ. ಕಾಗದದ ಮೇಲೆ ಇದು ಜಾತಿಗಲ್ಲ, ವ್ಯಕ್ತಿಗೆ. ಠಾಣೆಯ ಗೋಡೆಯ ಮೇಲಿನ ಫೋಟೋಗಳು ಮಾತ್ರ ಅವೇ ಮನೆಗಳವು.

ಇಲ್ಲಿ ಒಂದು ಹೋಲಿಕೆ ಮಾಡಲೇಬೇಕು. ಕೆನಡಿಯ ಪುಸ್ತಕದಲ್ಲಿ ಛಪ್ಪರಬಂದರ ಮೇಲಿನ ಆರೋಪ ಖೋಟಾ ನಾಣ್ಯ. ಮಣ್ಣಿನ ಅಚ್ಚಿನಲ್ಲಿ ರೂಪಾಯಿ ಎರಕ ಹೊಯ್ತಾರೆ ಅಂತ. ಅದಕ್ಕೆ ಇಡೀ ಜಾತಿಯೇ ಅಪರಾಧಿ. ಈಗ ಅಬ್ದುಲ್ ಕರೀಂ ತೆಲಗಿಯನ್ನ ನೆನಪಿಸ್ಕೊಳ್ಳಿ. ಬೆಳಗಾವಿ ಜಿಲ್ಲೆಯ ಖಾನಾಪುರದವನು, ನಕಲಿ ಛಾಪಾ ಕಾಗದ ಮುದ್ರಿಸಿದವನು. ಯರವಡಾದಲ್ಲಿದ್ದ, 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯ ಅವನಿಗೆ 13 ವರ್ಷ ಕಠಿಣ ಶಿಕ್ಷೆ, 202 ಕೋಟಿ ರೂಪಾಯಿ ದಂಡ ಹಾಕಿತು. ಬ್ಯಾಂಕು, ವಿಮಾ ಕಂಪನಿಗಳೆಲ್ಲ ಆ ಕಾಗದ ಕೊಂಡಿದ್ದವು, ಹಿರಿಯ ಪೊಲೀಸ್ ಅಧಿಕಾರಿಗಳೇ ಬಂಧನ ಆದರು. ಯಾರಾದ್ರೂ ಖಾನಾಪುರದವರಿಗೆಲ್ಲ ಪಾಸ್ ಬೇಕು ಅಂದ್ರಾ? ಸ್ಟ್ಯಾಂಪ್ ವೆಂಡರುಗಳ, ಪೊಲೀಸ್ ಅಧಿಕಾರಿಗಳ ಮಕ್ಕಳು ಹುಟ್ಟು ಕಳ್ಳರು ಅಂದ್ರಾ? ಎಡ್ವಿನ್ ಸದರ್ಲೆಂಡ್ ಅನ್ನೋ ಸಮಾಜಶಾಸ್ತ್ರಜ್ಞ 1939ರಲ್ಲೇ ‘ವೈಟ್ ಕಾಲರ್ ಕ್ರೈಮ್’ ಅನ್ನೋ ಮಾತು ಹುಟ್ಟಿಸಿ ಇದನ್ನೇ ಹೇಳಿದ್ದ. ಬಡತನದಿಂದ, ಕೆಟ್ಟ ಮನೆತನದಿಂದ ಅಪರಾಧ ಹುಟ್ಟತ್ತೆ ಅಂತೀರಲ್ಲ, ಕಂಪನಿಗಳ ಒಳಗೆ ಸೂಟು ಹಾಕ್ಕೊಂಡು ಮಾಡೋ ಮೋಸವನ್ನ ನಿಮ್ಮ ಲೆಕ್ಕಕ್ಕೇ ತಗೊಂಡಿಲ್ಲ, ಅಂತ. ನಮ್ಮಂಥವರು ತಪ್ಪು ಮಾಡಿದರೆ ಅದು ವ್ಯಕ್ತಿಯ ತಪ್ಪು. ಅವರು ಮಾಡಿದರೆ ರಕ್ತದ ತಪ್ಪು.

ಇದು ಬರೀ ಮಾತಿನ ವಿಷಯ ಅಲ್ಲ, ಜೀವದ ವಿಷಯ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ 2003ರಲ್ಲಿ ಒಂದು ಭೀಕರ ದರೋಡೆ, ಕೊಲೆ, ಅತ್ಯಾಚಾರ ಆಯ್ತು. ಅಲೆಮಾರಿ ಸಮುದಾಯಗಳ ಆರು ಜನರನ್ನ ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನಕ್ಕೆ ಗಲ್ಲು ಅಂತು. 2019ರ ಮಾರ್ಚಿನಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನ ಬಿಡುಗಡೆ ಮಾಡಿ, ತಲಾ 5 ಲಕ್ಷ ಪರಿಹಾರ ಕೊಡಿ ಅಂತು. ಬದುಕುಳಿದ ಮುಖ್ಯ ಸಾಕ್ಷಿ ಪೊಲೀಸರ ಫೋಟೋ ಆಲ್ಬಮಿನಲ್ಲಿ ಬೇರೆ ನಾಲ್ಕು ಜನರನ್ನ ಗುರುತಿಸಿದ್ದರು, ಆ ದಾರಿಯಲ್ಲಿ ತನಿಖೆಯೇ ಆಗಿರಲಿಲ್ಲ. ಈ ಆರೂ ಜನ ಬಡ ಕೂಲಿಗಳು, ಅಲೆಮಾರಿಗಳು, ಸುಳ್ಳೇ ಸಿಕ್ಕಿಸಿರಬಹುದು ಅಂತ ಕೋರ್ಟು ಬಾಯಿಬಿಟ್ಟು ಹೇಳಿತು. ಹದಿನಾರು ವರ್ಷ. ನಾವು ಪುಣೆಗೆ ಬಂದು, ಲೋನ್ ತಗೊಂಡು, ಫ್ಲ್ಯಾಟ್ ಕೊಂಡು, ಮಕ್ಕಳನ್ನ ಹೈಸ್ಕೂಲು ಮುಟ್ಟಿಸೋ ಅಷ್ಟು ಕಾಲ.

ದೇಶದ ಜೈಲುಗಳ ಒಟ್ಟು ಲೆಕ್ಕವನ್ನೂ ಹೇಳಿಬಿಡ್ತೀನಿ. ಎನ್‌ಸಿಆರ್‌ಬಿಯ 2022ರ ಅಂಕಿಅಂಶದಲ್ಲಿ ಜೈಲಿನಲ್ಲಿದ್ದವರು ಸುಮಾರು 5.73 ಲಕ್ಷ, ಅವರಲ್ಲಿ ಶೇ 75.8ರಷ್ಟು ಜನ ವಿಚಾರಣಾಧೀನರು. ಅಂದ್ರೆ ನಾಲ್ವರಲ್ಲಿ ಮೂವರ ಮೇಲೆ ತಪ್ಪು ಇನ್ನೂ ಸಾಬೀತೇ ಆಗಿಲ್ಲ. ಜಾಮೀನಿಗೆ ದುಡ್ಡು, ಖಾಯಂ ವಿಳಾಸ, ಜಾಮೀನು ನಿಲ್ಲೋ ಗುರುತಿನ ಜನ ಬೇಕು. ತಗಡಿನ ಶೆಡ್ಡಿನವರ ಹತ್ತಿರ ಮೂರೂ ಇರಲ್ಲ.

2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಅನ್ನೋ ಪತ್ರಕರ್ತೆ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದು, ಗುಡಿಸೋದು ಇವರಿಗೆ, ಅಡುಗೆ ಅವರಿಗೆ ಅನ್ನೋದು, ವಿಮುಕ್ತ ಸಮುದಾಯದವರನ್ನ ರೂಢಿಗತ ಅಪರಾಧಿಗಳು ಅಂತ ನೋಡೋದು, ಇವೆಲ್ಲ ಸಂವಿಧಾನಕ್ಕೆ ವಿರುದ್ಧ ಅಂತು. ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೀರಿ ಅಂತು. ವಿಮುಕ್ತರನ್ನ ಮನಸ್ಸಿಗೆ ಬಂದ ಹಾಗೆ ಬಂಧಿಸಬಾರದು ಅಂತ ಪೊಲೀಸರಿಗೂ ಹೇಳಿತು. ಜೈಲು ಕೈಪಿಡಿಗಳಲ್ಲಿ ‘ಅಪರಾಧಿ ಬುಡಕಟ್ಟು’, ‘ಅಲೆಮಾರಿ’ ಅನ್ನೋ ಪದಗಳು ಕಾಯ್ದೆ ರದ್ದಾಗಿ 72 ವರ್ಷ ಆದಮೇಲೂ ಉಳಿದುಕೊಂಡಿದ್ದವು ಅನ್ನೋದು ಆ ತೀರ್ಪು ಓದಿದಾಗಲೇ ನನಗೆ ಗೊತ್ತಾಗಿದ್ದು. ಕೋಡ್ ಬರೆಯೋ ನಮಗೆ ಇದು ಅರ್ಥವಾಗತ್ತೆ. ಟೇಬಲ್ ಡಿಲೀಟ್ ಮಾಡಿದ್ದರು, ಅದನ್ನ ಕರೆಯೋ ಹಳೇ ಫಂಕ್ಷನ್‌ಗಳು ಎಲ್ಲಾ ಕಡೆ ಓಡ್ತಾನೇ ಇದ್ದವು.

ಆ ತೀರ್ಪು ಓದಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಸೆಟ್ಲಮೆಂಟ್ ಕಡೆ ಹೋಗಬ್ಯಾಡ್ರಿ ಅಂತಿದ್ಯಲ್ಲ, ಯಾಕೆ, ಅಲ್ಲಿಯವರು ನಮ್ಮ ಮನೇಲಿ ಏನಾದ್ರೂ ಕದ್ದಿದ್ದರಾ ಅಂತ ಕೇಳಿದೆ. “ಇಲ್ಲಪಾ, ನಮ್ಮ ಅವ್ವ ಹೇಳತಿದ್ಳು, ನಾನೂ ಹೇಳತಿದ್ದೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಹೆರಿಗೆ ಟೈಮಲ್ಲಿ ಮನೆಗೆ ಬಂದು ಎಣ್ಣೀ ನೀರು ಹಾಕಿದಾಕಿ ಸೆಟ್ಲಮೆಂಟಿನಾಕಿನ ಇದ್ದಳು, ಅಂತಲೂ ಅಂದಳು.

ನಮ್ಮ ಸೊಸೈಟಿಯ ಗೇಟಿನಲ್ಲಿ ಈಗ ಆ್ಯಪ್ ಬಂದಿದೆ. ಅತಿಥಿಗಳಿಗೆ ಒಟಿಪಿ. ಪಕ್ಕದ ಸೈಟಿನಿಂದ ನೀರಿಗೆ ಬರೋರಿಗೆ ಮಾತ್ರ ಇನ್ನೂ ಹಳೇ ರಿಜಿಸ್ಟರೇ, ಅದರಲ್ಲಿ ಹೆಸರು, ಟೈಮು, ಊರು ಆದಮೇಲೆ ‘ಸಮಾಜ’ ಅಂತ ಒಂದು ಕಾಲಂ ಇತ್ತು. ಹೋದ ತಿಂಗಳ ಮೀಟಿಂಗಿನಲ್ಲಿ ಅದನ್ನ ತೆಗೀಬೇಕು ಅಂತ ಕೇಳಿದೆ. ಸೆಕ್ಯೂರಿಟಿಗೆ ಬೇಕಾಗತ್ತೆ ಅಂದರು. ತೀರ್ಪಿನ ಪ್ರತಿ ಪ್ರಿಂಟ್ ತೆಗೆದು ಕಮಿಟಿಗೆ ಕೊಟ್ಟಿದೀನಿ, ಮುಂದಿನ ಮೀಟಿಂಗ್ ಇದೇ ಭಾನುವಾರ.